ಕಾಗೆ ಮುಟ್ಟಿದ ತುತ್ತು

ಹೊಳೆದಂಡೆಯ ಆಶ್ರಮಕ್ಕೆ ಮೇದಿನಿ ಓಡಿ ಬಂದಾಗ ಅವಳ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಹದಿನಾರರ ಹುಡುಗಿ, ಗುರುಗಳ ಹತ್ತಿರ ಪಾಠಕ್ಕೆ ಬರುವವಳು. ಬಾಯಿ ತೆರೆದರೆ ಮುಚ್ಚುವವಳಲ್ಲ. ಇವತ್ತು ಆ ಬಾಯಿಗೆ ಬೀಗ ಬಿದ್ದಂತಿತ್ತು.

ಗುರುಗಳು ನೀರು ಕೊಟ್ಟರು. ಚೊಂಬು ಹಿಡಿದುಕೊಂಡು ಹಾಗೇ ಕೂತಳು.

“ನಿಮ್ಮ ವಾರಿಜತ್ತೆಯ ಹತ್ತನೇ ದಿನ ಇವತ್ತೇ ಅಲ್ಲವೇನಮ್ಮ?”

“ಹೂಂ. ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ.”

ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಪಿಂಡ ಮುಟ್ಟುವುದಿಲ್ಲ ಅಂತಾರಲ್ಲ, ಹಾಗಾಗಿ ಮನೆಯವರೆಲ್ಲ ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಟ್ಟಿದ್ದರು. ನಿನ್ನ ತುಳಸಿಗೆ ನೀರು ಹಾಕ್ತೀವಿ. ನಿನ್ನ ಹಸು ಮಾರಲ್ಲ. ಮರದ ಮೇಲಿನ ಕಾಗೆ ಜಪ್ಪಯ್ಯ ಅಂದರೂ ಕೆಳಗಿಳಿಯಲಿಲ್ಲ.

“ಕೊನೆಗೆ ಅಪ್ಪ ಅಳುತ್ತಾ ಹೇಳಿದರು. ‘ತಂಗೀ, ಮೇದಿನಿ ನಿನ್ನ ಹೊಟ್ಟೇಲಿ ಹುಟ್ಟಿದವಳು ಅಂತ ನಾನೇ ಅವಳಿಗೆ ಹೇಳ್ತೀನಿ ಕಣೇ’ ಅಂತ.”

“ಆಮೇಲೆ?”

“ಕಾಗೆ ಬಂತು.”

ಎಲ್ಲರೂ ಉಸ್ಸೆಂದು ಉಸಿರುಬಿಟ್ಟರಂತೆ. ಹಿಂದೆಯೇ ನಿಂತಿದ್ದ ಹುಡುಗಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಾಲ ಕೆಳಗಿನ ಮರಳು ಸರಿದಂತಾಗಿ ಅವಳು ಓಡಿಬಂದಿದ್ದಳು.

“ಬುದ್ಧಿ ಬಂದಾಗಿನಿಂದ ಅತ್ತೆ ಅಂತಲೇ ಕರೆದೆ, ಗುರುಗಳೇ. ಹೋದ ತಿಂಗಳು ಜಗಳದಲ್ಲಿ, ‘ನೀನ್ಯಾರು ನನಗೆ ಬುದ್ಧಿ ಹೇಳೋಕೆ’ ಅಂದುಬಿಟ್ಟೆ. ಅವಳು ಒಳಗೆ ಹೋಗಿ ನನಗೆ ಬಿಸಿ ದೋಸೆ ಹಾಕಿಕೊಂಡು ಬಂದಳು.”

ಗುರುಗಳು ಅವಳ ಕೈಯಿಂದ ಚೊಂಬು ತೆಗೆದು ಕೆಳಗಿಟ್ಟರು.

“ಒಂದೇ ಒಂದು ಸಲ ಅಮ್ಮ ಅಂದಿದ್ದರೆ ಸಾಕಿತ್ತು. ಅದಕ್ಕೇ ಕಾದು ಕಾದು ಹೋದಳು. ಇನ್ನು ನಾನು ಏನು ಮಾಡಿದರೂ ಅವಳಿಗೆ ಮುಟ್ಟಲ್ಲ.”

ಗುರುಗಳು ಎದ್ದು ಅಡುಗೆಮನೆಗೆ ಹೋದರು. ಒಂದು ಹಿಡಿ ಅನ್ನ ತಂದು ಅವಳ ಅಂಗೈಗೆ ಹಾಕಿದರು. ಊಟಕ್ಕೆ ಮುಂಚೆ ಕಾಗೆಗೆ ಅನ್ನವಿಡುವುದು ಆಶ್ರಮದ ದಿನದ ಪದ್ಧತಿ.

“ಇವತ್ತು ನೀನು ಇಡು. ಅವಳನ್ನ ಕರೆದು ಇಡು.”

ಮೇದಿನಿ ಅಂಗಳದ ಕಲ್ಲಿನ ಮೇಲೆ ಅನ್ನ ಇಟ್ಟಳು. ಅಮ್ಮ ಅನ್ನಬೇಕು ಅಂತ ಗಟ್ಟಿ ಮನಸ್ಸು ಮಾಡಿದಳು. ಬಾಯಿ ತೆರೆದಳು.

“ಅತ್ತೇ, ಬಾರೇ.”

ಅಂದವಳೇ ಬಾಯಿ ಮುಚ್ಚಿಕೊಂಡಳು. ಹಾಳು ನಾಲಿಗೆ, ರೂಢಿಯಾದದ್ದನ್ನೇ ಅಂದುಬಿಟ್ಟಿತ್ತು.

ಬೇವಿನ ಮರದಿಂದ ಕಾಗೆಯೊಂದು ಇಳಿಯಿತು. ಅತ್ತಿತ್ತ ನೋಡಿ ಅನ್ನಕ್ಕೆ ಕೊಕ್ಕು ಹಾಕಿತು.

ಮೇದಿನಿ ಕಲ್ಲಿನಂತೆ ನಿಂತಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

“ಇವತ್ತೂ ಅತ್ತೆ ಅಂತಲೇ ಅಂದೆ, ಗುರುಗಳೇ. ಆದರೂ ಹೇಗೆ ಬಂದಳು?”

ಗುರುಗಳು ಅವಳ ಕೈಗಂಟಿದ ಅನ್ನದ ಅಗುಳನ್ನು ನೀರುಹಾಕಿ ತೊಳೆದರು.

“ಇಷ್ಟು ವರ್ಷ ಆ ಕೂಗಿಗೇ ಓಡಿ ಬಂದವಳು ಕಣಮ್ಮ. ಇವತ್ತು ನಿಲ್ತಾಳಾ?”