ಆಕಳಿಕೆಗೆ ಅಂಜಿದ ರಾಣಿ

"ಮತ್ತೆ ಬಂದೆಯಾ? ಒಂದು ಉಸಿರು ಬಿಡುವುದಕ್ಕೂ ಪುರುಸೊತ್ತು ಕೊಡುವುದಿಲ್ಲವಲ್ಲ ನೀವು!" ಎಂದು ಕಂಪ್ಯೂಟರ್ ಆಟದೊಳಗಿನ ರಾಣಿ ಗುದ್ದಲಿಯಾಳಿನ ಮೇಲೆ ಸಿಡಿದಳು.

"ಕಾಲುವೆ ತೋಡಿ ಆಯಿತು ತಾಯೀ. ಈಗ ಎಡಕ್ಕೆ ಹೋಗಲೋ, ಬಲಕ್ಕೋ?"

ಅವನ ಹಿಂದೆ ದೋಣಿಗಳು, ಕುದುರೆಗಳು, ಎತ್ತಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ತನ್ನನ್ನು ಕೇಳದೆ ಯಾರೂ ಹೆಜ್ಜೆ ಎತ್ತಕೂಡದೆಂದು ಆಟದ ಮೊದಲಲ್ಲಿ ಕಟ್ಟಪ್ಪಣೆ ಮಾಡಿದವಳು ರಾಣಿಯೇ. ಆಗ ರಾಜ್ಯವೆಂದರೆ ಒಂದು ಗುಡಿಸಲು, ಒಂದು ಗುದ್ದಲಿ. ಈಗ ಸಮುದ್ರದಾಚೆಗೂ ಅವಳದೇ ಊರುಗಳು.

ಮೂಲೆಯಲ್ಲಿದ್ದ 'ಸರದಿ ಮುಗಿಯಿತು' ಎಂಬ ಬಟನ್ನು ಗೊಣಗಿತು. "ಮಹಾರಾಣಿ, ನನ್ನನ್ನು ಒತ್ತುವ ಯೋಗ ಇವತ್ತು ಇದೆಯೋ ಇಲ್ಲವೋ? ಇವರೆಲ್ಲರಿಗೂ ಅಪ್ಪಣೆ ಸಿಗುವವರೆಗೆ ಆಟ ಮುಂದೆ ಸಾಗದು. ಪರದೆಯ ಹೊರಗೆ ಕೂತು ಈ ಆಟ ಆಡುವವಳು ಆಕಳಿಸುತ್ತಿದ್ದಾಳೆ. ಇಲ್ಲಿ ಶತ್ರುವಿನಿಂದ ಸತ್ತ ರಾಜ್ಯಗಳು ಕಡಿಮೆ, ಆಕಳಿಕೆಯಿಂದ ಸತ್ತವೇ ಹೆಚ್ಚು."

ಆಡುವವಳ ಕೈ ಆಗಲೇ ಕಂಪ್ಯೂಟರ್ ಆರಿಸುವ ಸ್ವಿಚ್ಚಿನ ಕಡೆಗೆ ಚಾಚಿತ್ತು. ರಾಣಿ ಬೆದರಿ ಕೂಗಿದಳು: "ಎಲ್ಲರೂ ಕೇಳಿ! ನಿಮ್ಮ ನಿಮ್ಮ ಕೆಲಸ ನಿಮಗೆ ಗೊತ್ತಿದೆ, ಮಾಡಿಕೊಂಡು ಹೋಗಿ. ಬೆಂಕಿ ಬಿದ್ದರೆ, ಶತ್ರು ಬಂದರೆ ಮಾತ್ರ ಕರೆಯಿರಿ."

ಸಾಲು ಕರಗಿತು. ಬಟನ್ನು ಟಕ್ಕೆಂದಿತು. ಚಾಚಿದ ಕೈ ಹಿಂದಕ್ಕೆ ಬಂತು. ಸರದಿಯ ಮೇಲೆ ಸರದಿ ಸರಸರನೆ ಸಾಗಿತು.

ಆದರೆ ಯಾರೂ ಕೇಳದಿದ್ದಾಗ ರಾಣಿಗೆ ಕೂತಲ್ಲಿ ಕೂರಲಾಗಲಿಲ್ಲ. "ಲೋ ಗುದ್ದಲಿ, ಬಾ ಇಲ್ಲಿ! ಎಡಕ್ಕೆ ಹೋದೆಯೋ, ಬಲಕ್ಕೋ? ನನಗೊಂದು ಮಾತು ಹೇಳಬಾರದಿತ್ತೇ?"

ಬಟನ್ನು ನಿಂತಿತು. ಆಡುವವಳು ಮತ್ತೆ ಆಕಳಿಸಲು ಬಾಯಿ ತೆರೆದಳು. ಅಗೆಯುವುದನ್ನು ಬಿಟ್ಟು ಏದುಸಿರಿನಲ್ಲಿ ಓಡಿಬಂದ ಆಳು ಕೇಳಿದ:

"ಬೆಂಕಿ ಬಿತ್ತೇ ತಾಯೀ, ಶತ್ರು ಬಂದನೇ?"