ಹಿರಿಮನೆಯ ಹೆಪ್ಪು

“ಗಂಟು ಕರಗಿತು, ಸರ್. ನೆನಪು ಮಾತ್ರ ಮರಳಲಿಲ್ಲ. ತಪ್ಪು ಯಾರದು?”

ಶಾಂಭವಿ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು. ಕಪನೀಪತಯ್ಯನವರು ಅವಳ ಗುರುಗಳು. ಮುಪ್ಪಿನ ಮರೆವಿನ ರೋಗ ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ ಎಂದು ಮೂವತ್ತು ವರ್ಷ ಹುಡುಕಿದವರು. ಆಮೇಲೆ ಪ್ರಯೋಗಾಲಯವನ್ನು ಅವಳ ಕೈಗೊಪ್ಪಿಸಿ ನಿವೃತ್ತರಾದವರು. ಹದಿನಾಲ್ಕು ವರ್ಷಗಳ ಹಿಂದೆ ಅವಳು ಸೇರಿದ ಮೊದಲ ದಿನ ಅವರು ಹೇಳಿದ ಮಾತು ಇಷ್ಟೇ: ಆಲ್ಝೈಮರ್ ರೋಗಿಯ ಮಿದುಳಿನಲ್ಲಿ ಕಟ್ಟುವ ಪ್ರೋಟೀನಿನ ಗಂಟೇ ರೋಗ, ಗಂಟು ಕರಗಿಸು, ಮರೆವು ತಾನಾಗಿ ಹೋಗುತ್ತದೆ. ಅವಳು ಅದನ್ನು ನೋಟ್ ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು. ಆಮೇಲೆ ಪ್ರಯೋಗಾಲಯಕ್ಕೆ ಬಂದವರಿಗೆಲ್ಲ ಅದನ್ನೇ ಬರೆಸಿದ್ದಳು.

ಈಗ ಗಂಟು ಕರಗಿಸುವ ಮದ್ದು ಸಿಕ್ಕಿತ್ತು. ಮದ್ದು ತಿಂದ ಇಲಿಗಳ ಮಿದುಳು ತೊಳೆದಿಟ್ಟ ತಟ್ಟೆಯ ಹಾಗಿತ್ತು. ಇಲಿಗಳು ಮಾತ್ರ ನಿನ್ನೆ ಕಾಳು ಸಿಕ್ಕಿದ ಮೂಲೆಯನ್ನು ಇವತ್ತು ಮರೆಯುತ್ತಿದ್ದವು. ಮೂರು ಸಲ ಮಾಡಿ ನೋಡಿದರೂ ಅಷ್ಟೇ. ಶಾಂಭವಿಗೆ ಇಲಿಗಳ ಮೇಲೆ ಸಿಟ್ಟು, ಮದ್ದಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ದೇವೀರಮ್ಮನ ಮೇಲೆ.

ದೇವೀರಮ್ಮ ತಾಲ್ಲೂಕು ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದು, ನಲವತ್ತು ದಾಟಿದ ಮೇಲೆ ಸಂಶೋಧನೆಗೆ ಬಂದವಳು. ಮೊದಲ ಪುಟದ ಮಾತನ್ನು ಬರೆದುಕೊಳ್ಳದೆ, ಅದು ಯಾಕೆ ಹಾಗೆ ಎಂದು ಕೇಳಿದವಳು ಅವಳೊಬ್ಬಳೇ. ಇಲಿಗಳಿಗೆ ಔಷಧ ಕೊಡುತ್ತಿದ್ದವಳೂ ಅವಳೇ. ಈಗ ಅವಳು ಬೇರೆಯೇ ಮಾತಾಡುತ್ತಿದ್ದಳು. ಗಂಟು ಕಟ್ಟುವುದಕ್ಕೆ ಎಷ್ಟೋ ಮೊದಲೇ ಮಿದುಳಿನ ಜೀವಕೋಶ ತನ್ನ ಕಸವನ್ನು ತಾನು ತೆಗೆದುಕೊಳ್ಳುವುದನ್ನು ಬಿಟ್ಟಿರುತ್ತದೆ. ಮರೆವು ಶುರುವಾಗುವುದು ಆಗಲೇ. ಪಾರ್ಕಿನ್‌ಸನ್ ನಡುಕದ ಇಲಿಗಳಲ್ಲೂ ಹಾಗೆಯೇ ಕಂಡಿದೆ. ಗಂಟು ಕೊನೆಗೆ ಬರುವುದು ಎನ್ನುತ್ತಿದ್ದಳು.

“ಕೈಕೆಲಸ ನೆಟ್ಟಗೆ ಬಾರದವಳು ಸಿದ್ಧಾಂತ ಹೇಳುತ್ತಾಳೆ” ಎಂದಳು ಶಾಂಭವಿ. “ನಿಮ್ಮ ಕಾಲದ ಇಲಿಗಳ ದಾಖಲೆ ಬೇಕು ಎಂದು ನಿಮಗೇ ಎರಡು ಸಲ ಪತ್ರ ಬರೆದಳಂತೆ. ಎಷ್ಟು ಧೈರ್ಯ ನೋಡಿ. ಸೋಮವಾರದಿಂದ ಬರಬೇಡ ಎಂದು ಬರೆದು ತಂದಿದ್ದೇನೆ. ನೀವೊಮ್ಮೆ ಹೂಂ ಎಂದರೆ ಸಾಕು.”

ಅವಳು ಪತ್ರವನ್ನು ಮೇಜಿನ ಮೇಲಿಟ್ಟಳು. ಕಪನೀಪತಯ್ಯನವರು ಅದನ್ನು ಓದಲಿಲ್ಲ. ಆ ಎರಡು ಪತ್ರಗಳ ಬಗ್ಗೆಯೂ ಏನೂ ಹೇಳಲಿಲ್ಲ. ಕೂತ್ಕೊ, ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ, ಕತೆ ಶುರು ಮಾಡಿದರು.

ಒಂದು ಊರು. ಆ ಊರಿನಲ್ಲಿ ಮೂವತ್ತು ಮನೆಯ ಒಂದು ಬೀದಿ. ಬೀದಿಯ ತುದಿಗೆ ಹಿರಿಮನೆ. ಹಿರಿಮನೆಯ ಅಜ್ಜಿಯ ಮೊಸರೆಂದರೆ ಮಡಕೆ ಬೋರಲು ಹಾಕಿದರೂ ಬೀಳದು, ಅಷ್ಟು ಗಟ್ಟಿ. ಅದಕ್ಕೇ ಅಲ್ಲೊಂದು ಪದ್ಧತಿ ಬಂದಿತ್ತು. ಬೀದಿಯ ಯಾವ ಮನೆಗೆ ಸೊಸೆ ಬಂದರೂ ಮಾರನೆಯ ದಿನ ಬಟ್ಟಲು ಹಿಡಿದು ಹಿರಿಮನೆಗೆ ಹೋಗಬೇಕು. ಅಜ್ಜಿ ಒಂದು ಚಮಚ ಹೆಪ್ಪು ಹಾಕಬೇಕು. ಸೊಸೆ ಅದನ್ನು ಕಣ್ಣಿಗೊತ್ತಿಕೊಂಡು ತರಬೇಕು. ಅವತ್ತಿನಿಂದ ಆ ಮನೆಯ ಮೊಸರು ಆ ಹೆಪ್ಪಿನದೇ. ಇವತ್ತಿನ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ನಾಳೆಯ ಹಾಲಿಗೆ, ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ. ಮುಗಿದುಹೋದರೆ ಮತ್ತೆ ಹಿರಿಮನೆಗೇ.

ಬೀದಿಗೆಲ್ಲ ಹಾಲು ಕೊಡುತ್ತಿದ್ದವಳು ಊರಾಚೆಯ ಒಬ್ಬ ಹಾಲಿನವಳು. ಗಂಡ ತೀರಿದ್ದ. ಎರಡು ಎಮ್ಮೆ, ಹಾಸಿಗೆ ಹಿಡಿದ ಒಬ್ಬಳು ಅತ್ತೆ. ಆ ಮೂವತ್ತು ಮನೆಯ ಹಾಲೇ ಅವಳ ಮನೆಯ ಗಂಜಿ. ಅವಳಿಗೆ ಮಾತ್ರ ಹಿರಿಮನೆಯ ಹೆಪ್ಪು ಇಲ್ಲ. ಅವಳು ಬೀದಿಯ ಸೊಸೆಯಲ್ಲವಲ್ಲ.

ಒಂದು ಬೇಸಿಗೆಯಲ್ಲಿ ಬೀದಿಯ ಮೊಸರು ಕೆಟ್ಟಿತು. ಚಮಚ ಹಾಕಿ ಎತ್ತಿದರೆ ಎಳೆ ಎಳೆಯಾಗಿ ಬರುತ್ತಿತ್ತು. ನಾಲಗೆಗೆ ಲೋಳೆ, ಗಂಟಲಿಗೆ ಕಹಿ. ಮೊದಲು ಒಂದು ಮನೆ, ಆಮೇಲೆ ನಾಲ್ಕು, ಹದಿನೈದು ದಿನದಲ್ಲಿ ಮೂವತ್ತೂ ಮನೆ.

ಆಗ ಜನ ಏನು ಮಾಡಿದರು? ಮಡಕೆ ತಿಕ್ಕಿದರು. ಹುಣಸೆಹಣ್ಣು ಹಾಕಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು, ಬಿಸಿಲಿಗೆ ಬೋರಲು ಹಾಕಿದರು, ಹೊಗೆ ಹಿಡಿಸಿದರು. ಕೆಟ್ಟ ಮೊಸರನ್ನು ದಿನಾ ತಿಪ್ಪೆಗೆ ಚೆಲ್ಲಿದರು. ಚೆಲ್ಲಿದೆವಲ್ಲ ಎಂದು ಸಮಾಧಾನಪಟ್ಟುಕೊಂಡರು. ಚೆಲ್ಲುವ ಮೊದಲು ಒಂದು ಚಮಚ ಎತ್ತಿಡುವುದನ್ನು ಮಾತ್ರ ಒಬ್ಬರೂ ಮರೆಯಲಿಲ್ಲ. ಹೆಪ್ಪಿಲ್ಲದೆ ನಾಳೆ ಮೊಸರು ಹೇಗಾಗಬೇಕು? ಇನ್ನೂ ಶುದ್ಧವಾಗಿರಲಿ ಎಂದವರು ಹಿರಿಮನೆಗೇ ಹೋಗಿ ಹೊಸದಾಗಿ ಕೇಳಿ ತಂದರು. ಮಂಡೆಯಲ್ಲಿ ಮಿದುಳಿದ್ದವರು ಮಾಡುವ ಕೆಲಸವೇ ಇದು? ಆದರೆ ಮೂವತ್ತು ಮನೆಯವರೂ ಬುದ್ಧಿವಂತರೇ. ಅದೇ ನನ್ನ ಸಂಕಟ.

ಆಮೇಲೆ ಒಬ್ಬ ವ್ಯಾಪಾರಿ ಬಂದ. ಹಲ್ಲು ಹಲ್ಲಾಗಿ ಕೊರೆದ ಒಂದು ಸೌಟು ತಂದ. ಅದನ್ನು ಮೊಸರಿನಲ್ಲಿ ಆಡಿಸಿದರೆ ಎಳೆಯೆಲ್ಲ ಸುತ್ತಿಕೊಂಡು ಬರುತ್ತದೆ. ಬೀದಿಗೆ ಬೀದಿಯೇ ಹಿಗ್ಗಿತು. ನಮ್ಮನೆಯಲ್ಲಿ ಇವತ್ತು ಅರ್ಧ ಎಳೆ ಹೋಯಿತು ಎಂದು ಒಬ್ಬಳು, ನಮ್ಮಲ್ಲಿ ಪೂರ್ತಿ ಹೋಯಿತು ಎಂದು ಇನ್ನೊಬ್ಬಳು. ಜಗಲಿ ಜಗಲಿಯಲ್ಲೂ ಅದೇ ಮಾತು. ಮೊಸರು ಗುಣವಾಯಿತು ಎಂದು ಎಲ್ಲರೂ ಒಪ್ಪಿದರು. ತಿಂದವರು ಯಾರೂ ಇಲ್ಲ. ಒಂದು ಮಗು ಬಾಯಿಗಿಟ್ಟು ಉಗಿಯಿತು. ಮಗುವಿನ ನಾಲಗೆ ಕೆಟ್ಟಿದೆ ಎಂದರು.

ಎಳೆ ತೆಗೆದದ್ದಾಯಿತು, ಮೊಸರು ಬಾಯಿಗಿಡುವ ಹಾಗಿಲ್ಲ. ಇನ್ನು ಉಳಿದದ್ದು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಹಾಲಿನವಳನ್ನು ಹಿರಿಮನೆಯ ಅಂಗಳಕ್ಕೆ ಕರೆಸಿದರು. ಊರಿನ ಪಂಡಿತ ಎಮ್ಮೆಯ ಕೆಚ್ಚಲು ನೋಡಿದ, ಮೇವು ಮೂಸಿದ. ಹಾಲಿನಲ್ಲೇ ದೋಷ ಎಂದ.

ಈ ಬೀದಿ ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂಬುದು ಹಾಲಿನವಳಿಗೆ ಗೊತ್ತು. ಮಲಗಿದ ಅತ್ತೆಗೆ ಗಂಜಿ ಎಲ್ಲಿಂದ? ಆದರೂ ಅವಳಿಗೆ ದುಃಖಕ್ಕಿಂತ ಮೊದಲು ರೇಗಿತು. ಅಷ್ಟೂ ದಿನ ಇವರ ಮಡಕೆ, ಸೌಟು, ಹೊಗೆ ಎಲ್ಲವನ್ನೂ ನೋಡಿ ನೋಡಿ ಅವಳಿಗೆ ಸಾಕಾಗಿಹೋಗಿತ್ತು.

“ಇದೇ ಹಾಲನ್ನೇ ನಾನೂ ಹೆಪ್ಪು ಹಾಕೋದು, ಅಮ್ಮ. ನಮ್ಮನೇಲಿ ಮೊಸರು ಕಲ್ಲಿನ ಹಂಗೆ ಕೂತೈತೆ” ಎಂದಳು.

“ಒಳ್ಳೇ ಹಾಲು ನಿನಗೆ ಇಟ್ಟುಕೊಂಡು ಕೆಟ್ಟದ್ದನ್ನ ನಮಗೆ ಅಳೀತೀಯ ಅಂತ ಆಯ್ತು” ಎಂದರು ಯಾರೋ.

ಇನ್ನು ಬಾಯಿಮಾತಿನಿಂದ ಆಗದು ಎಂದು ಅವಳಿಗೆ ತಿಳಿಯಿತು. ಎಮ್ಮೆಯನ್ನು ಅಲ್ಲಿಗೇ ಹೊಡೆದುಕೊಂಡು ಬಂದಳು. ಎಲ್ಲರ ಕಣ್ಣೆದುರು ಕರೆದಳು. ಹಿರಿಮನೆಯ ಒಲೆಯಲ್ಲೇ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಎರಡು ಮಡಕೆಗೆ ಸಮನಾಗಿ ಹಾಕಿದಳು. ಒಂದಕ್ಕೆ ಅಜ್ಜಿಯ ಹೆಪ್ಪು ಹಾಕಿಸಿದಳು. ಇನ್ನೊಂದಕ್ಕೆ ತನ್ನ ಮನೆಯ ಹೆಪ್ಪು ತರಲಿಲ್ಲ. ತಂದರೆ ಅದರಲ್ಲೇನೋ ಬೆರೆಸಿದಳು ಎಂದಾರು. ಹಿರಿಮನೆಯ ಹಿತ್ತಲಿನ ಗಿಡದಿಂದಲೇ ನಾಲ್ಕು ಹಸಿಮೆಣಸಿನಕಾಯಿ ಕಿತ್ತು, ತೊಟ್ಟು ಮುರಿದು, ಹಾಲಿಗೆ ಹಾಕಿ ಮುಚ್ಚಿದಳು. ಹೆಪ್ಪು ಕೊಡುವವರು ಇಲ್ಲದ ಮನೆಯವರು ಮೊಸರು ಮಾಡಿಕೊಳ್ಳುವುದು ಹೀಗೆಯೇ. ಅವಳ ತಾಯಿಯೂ ಹೀಗೆಯೇ ಮಾಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ತೊಟ್ಟಿನ ಮೊಸರು ತುಸು ತೆಳ್ಳಗಿತ್ತು. ನೋಡಿದಿರಾ ಎಂದರು. ತಡೀರಿ ಎಂದಳು. ಅದರಲ್ಲೇ ಒಂದು ಚಮಚ ತೆಗೆದು ಆ ದಿನದ ಹಾಲಿಗೆ ಹಾಕಿದಳು. ಮೂರನೆಯ ಬೆಳಿಗ್ಗೆ ಬೀದಿಯ ಮೂವತ್ತು ಮನೆಯವರೂ ಅಂಗಳದಲ್ಲಿ ನಿಂತಿದ್ದರು. ಅಜ್ಜಿಯ ಹೆಪ್ಪಿನ ಮಡಕೆಗೆ ಚಮಚ ಹಾಕಿದಳು, ಮೊಳದುದ್ದ ಎಳೆ ಬಂತು. ತೊಟ್ಟಿನ ಮಡಕೆಯನ್ನು ಬೋರಲು ಹಾಕಿದಳು, ಮೊಸರು ಅಲ್ಲಾಡಲಿಲ್ಲ. ಉಗಿದಿದ್ದ ಮಗು ಬಂದು ಎರಡು ಬಟ್ಟಲು ತಿಂದಿತು.

ಎಲ್ಲರ ಕಣ್ಣೂ ಅಜ್ಜಿಯ ಕಡೆಗೆ ಹೋಗಿ, ತಟ್ಟನೆ ನೆಲಕ್ಕಿಳಿಯಿತು. ಹಾಲಿನವಳು ಅದನ್ನು ನೋಡಿದಳು. ಇವರಿಗೆ ತಿಳಿಯಿತು, ಬದುಕಿದೆ ಎಂದುಕೊಂಡಳು. ಪಾಪ. ತಿಳಿಯುವುದೇ ಬೇರೆ, ಬಾಯಿ ಬಿಡುವುದೇ ಬೇರೆ. ಅತ್ತೆಯ ಅತ್ತೆ ಕಣ್ಣಿಗೊತ್ತಿಕೊಂಡು ತಂದದ್ದನ್ನು ಕೆಟ್ಟಿದೆ ಎನ್ನುವ ಸೊಸೆ ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕೊನೆಗೆ ಪಂಡಿತ ಗಂಟಲು ಸರಿಮಾಡಿಕೊಂಡ. ಇದು ಮಡಕೆಯ ಗುಣ ಎಂದ. ಅಬ್ಬ, ಬದುಕಿದೆವು ಎಂದು ಎಲ್ಲರೂ ಹೌದು ಹೌದು ಎಂದರು. ಮೆಣಸಿನಕಾಯಿ ತೊಟ್ಟಿನ ಮೊಸರು ನೈವೇದ್ಯಕ್ಕೆ ಬರುತ್ತದೆಯೇ ಎಂದು ಇನ್ನೊಬ್ಬಳು ಕೇಳಿದಳು. ತೊಟ್ಟಿನ ಮಡಕೆಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು, ಒಳಗಿನ ಮೊಸರು ಚೆಲ್ಲಿದರು. ಹಾಲಿನವಳಿಗೆ ಸೋಮವಾರದಿಂದ ಬರಬೇಡ ಎಂದರು.

ಅವಳು ಅಜ್ಜಿಯ ಮುಖವನ್ನೊಮ್ಮೆ ನೋಡಿದಳು. ಅಜ್ಜಿ ಒಂದು ಮಾತಾಡಿದ್ದರೆ ಸಾಕಿತ್ತು. ಅಜ್ಜಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಹಾಲಿನವಳು ಎಮ್ಮೆಯ ಹಗ್ಗ ಬಿಚ್ಚಿಕೊಂಡು ನಡೆದಳು. ವಾರ ಕಳೆಯುವುದರಲ್ಲಿ ಅತ್ತೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆ ಊರೇ ಬಿಟ್ಟಳು.

ಬೀದಿಗೆ ಬೇರೆ ಹಾಲು ಬಂತು. ಹಾಲು ಹೊಸದು, ಮಡಕೆ ಹೊಸದು, ಸೌಟು ಹೊಸದು. ಸೊಸೆಯರು ಬಟ್ಟಲು ಹಿಡಿದು ಹಿರಿಮನೆಗೆ ಹೋದರು. ಮೊಸರು ಎಳೆ ಎಳೆಯಾಗಿಯೇ ಬಂತು.

ಕಪನೀಪತಯ್ಯನವರು ನಿಲ್ಲಿಸಿದರು. ಶಾಂಭವಿಯ ಮುಖ ಅರಳಿತ್ತು.

“ತಿಳಿಯಿತು, ಸರ್” ಎಂದಳು. “ಕೆಟ್ಟ ಪ್ರೋಟೀನೇ ಹೆಪ್ಪು. ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಹೋಗಿ ಅಲ್ಲಿಯ ಒಳ್ಳೆಯದನ್ನೂ ತನ್ನ ಹಾಗೆ ಮಾಡುತ್ತದೆ. ಗಂಟು ತೆಗೆದರೆ ಎಳೆ ತೆಗೆದ ಹಾಗೆ ಅಷ್ಟೇ. ಹೆಪ್ಪನ್ನೇ ತಡೆಯುವ ಮದ್ದು ಹುಡುಕಬೇಕು.”

ಕಪನೀಪತಯ್ಯನವರು ಹಣೆ ಚಚ್ಚಿಕೊಂಡರು.

“ರಾಮಾಯಣವೆಲ್ಲ ಕೇಳಿ ರಾಮನಿಗೆ ಸೀತೆ ಏನಾಗಬೇಕು ಅಂದ ಹಾಗಾಯ್ತು. ನಾನು ಮಿದುಳಿನ ಮಾತು ಎಲ್ಲಿ ಆಡಿದೆ, ತಾಯಿ? ನಿನ್ನ ಇಲಿ ಉಗಿದರೆ ಇಲಿಯ ನಾಲಗೆ ಕೆಟ್ಟಿದೆ ಅಂತೀಯ. ಮೂರು ಸಲ ಮಾಡಿದ್ದೀಯ, ಮೂರು ಸಲವೂ ಮಡಕೆ ತಿಕ್ಕಿದ್ದೀಯ. ಒಂದು ಚಮಚ ಎತ್ತಿಟ್ಟುಕೊಂಡೇ ಶುರು ಮಾಡಿದ್ದೀಯಲ್ಲ, ಅದನ್ನ ನೋಡಿದೆಯಾ?”

ಶಾಂಭವಿಗೆ ನೆನಪಾದದ್ದು ನೋಟ್ ಬುಕ್ಕಿನ ಮೊದಲ ಪುಟ. ಅದರಲ್ಲಿದ್ದ ಅಕ್ಷರ ಅವಳದು, ಮಾತು ಅವರದು. ಆ ಮಾತನ್ನು ಅವಳು ಎಷ್ಟು ಜನಕ್ಕೆ ಬರೆಸಿದ್ದಳೋ ಲೆಕ್ಕವಿರಲಿಲ್ಲ. ಬರೆದುಕೊಳ್ಳದೆ ಉಳಿದವಳು ಒಬ್ಬಳೇ. ಸೋಮವಾರದಿಂದ ಬರಬೇಡ ಎಂಬ ಪತ್ರ ಮೇಜಿನ ಮೇಲಿತ್ತು. ದೇವೀರಮ್ಮ ಕೇಳಿದ್ದ ಹಳೆಯ ದಾಖಲೆಗಳು, ಅವಳ ಎರಡು ಪತ್ರಗಳಿಗೆ ಬಾರದ ಉತ್ತರ, ಎರಡೂ ಈಗ ಒಟ್ಟಿಗೇ ಅವಳ ತಲೆಗೆ ಬಂದವು. ಕೈ ತಾನಾಗಿ ಪತ್ರವನ್ನು ತನ್ನ ಕಡೆಗೆ ಎಳೆದುಕೊಂಡಿತು.

ಅವಳು ತಗ್ಗಿದ ದನಿಯಲ್ಲಿ ಕೇಳಿದಳು: “ಸರ್, ಹೆಪ್ಪು ಕೆಟ್ಟಿದ್ದು ಆ ಅಜ್ಜಿಗೆ ಗೊತ್ತಿತ್ತೇ?”

ಕಪನೀಪತಯ್ಯನವರು ಹೇಳಿದರು: “ಗೊತ್ತಿತ್ತು ಕಣಮ್ಮ; ನಿನ್ನ ಬಟ್ಟಲಿಗೆ ಹಾಕಿದ ದಿನವೂ ಗೊತ್ತಿತ್ತು.”