ಕಣಕ್ಕಿಳಿಯುವ ಮುನ್ನ

“ಗುರುಗಳೇ, ನನಗೆ ನೋವಿಲ್ಲ, ಜ್ವರವಿಲ್ಲ. ಚೆನ್ನಾಗಿರುವ ಮೈಯನ್ನು ವೈದ್ಯರ ಮುಂದೆ ಒಯ್ದು ಒಡ್ಡುವುದೇಕೆ?”

ಕೇಳಿದವನು ಮಠದ ಶಿಷ್ಯರಲ್ಲೇ ಗಟ್ಟಿಮುಟ್ಟಾದ ತರುಣ. ಹೊರಗೆ ಅಂಗಳದಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆದಿತ್ತು. ಉಳಿದವರೆಲ್ಲ ಸಾಲಿನಲ್ಲಿ ನಿಂತಿದ್ದರು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ರಾಯಪ್ಪನೆಂಬ ಪೈಲ್ವಾನನಿದ್ದ. ಅವನು ಕಣಕ್ಕಿಳಿದರೆ ಕುಳಿತ ಜನ ಎದ್ದು ನಿಲ್ಲುತ್ತಿದ್ದರು. ಅವನನ್ನು ಚಿತ್ ಮಾಡಿದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಸರಿಸಮನಾದವನು ಒಬ್ಬನೇ, ಪಕ್ಕದ ತಾಲ್ಲೂಕಿನ ದಸ್ತಗೀರ. ಇಬ್ಬರೂ ಎಂದೂ ಎದುರಾಗಿರಲಿಲ್ಲ. ಕೊನೆಗೊಂದು ವರ್ಷ ಇಬ್ಬರ ಜೋಡಿ ನಿಗದಿಯಾಯಿತು. ಗೆದ್ದವನಿಗೆ ಬೆಳ್ಳಿಯ ಗದೆ. ಆ ದಿನ ಮರದ ಮೇಲೆ, ಮಾಳಿಗೆಯ ಮೇಲೆ, ಎಲ್ಲಿ ನೋಡಿದರೂ ಜನ. ಹಲಗೆವಾದ್ಯದ ಬಡಿತಕ್ಕೆ ಎದೆ ಅದುರುತ್ತಿತ್ತು.

ಕಣದ ಪಕ್ಕ ವೈದ್ಯೆಯೊಬ್ಬರು ಮೇಜು ಹಾಕಿಕೊಂಡು ಕುಳಿತಿದ್ದರು. ಗಾಯಕ್ಕೆ ಮಣ್ಣು ಸೋಕಿ ಧನುರ್ವಾಯು ಬರದಿರಲೆಂದು ಪೈಲ್ವಾನರಿಗೆ ಚುಚ್ಚುಮದ್ದು ಹಾಕಿ, ರಕ್ತದೊತ್ತಡ ನೋಡಿ ಕಳಿಸುತ್ತಿದ್ದರು. ದಸ್ತಗೀರ ಎರಡನ್ನೂ ಮಾಡಿಸಿಕೊಂಡ. ರಾಯಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕಣಕ್ಕೆ ಹಾರಿ ತೊಡೆ ತಟ್ಟಿದ.

ದಸ್ತಗೀರ ಅಂಚಿನಲ್ಲೇ ನಿಂತ. “ಅಣ್ಣಾ, ಮೊದಲು ಆ ತಾಯಿಗೆ ತೋಳು ತೋರಿಸಿ ಬಾ. ಆಮೇಲೆ ನನಗೆ ತೋರಿಸು.”

“ಯಾಕೆ, ಹೆದರಿದೆಯಾ?”

ಜನ ಸಿಳ್ಳೆ ಹಾಕಿದರು. ಯಾರೋ ದಸ್ತಗೀರನ ಮೇಲೆ ಮಣ್ಣು ಎರಚಿದರು. ಅವನು ಕದಲಲಿಲ್ಲ.

“ಹೌದು, ಹೆದರಿದ್ದೇನೆ. ನನ್ನಣ್ಣನೂ ನಿನ್ನ ಹಾಗೆಯೇ ಇದ್ದ. ಒಂದು ದಿನವೂ ತಲೆನೋವು ಎಂದವನಲ್ಲ. ಗರಡಿಯಲ್ಲಿ ನನ್ನ ಜೊತೆ ಪಟ್ಟು ಹಿಡಿದಿದ್ದಾಗಲೇ ಕುಸಿದ. ರಕ್ತದೊತ್ತಡ ಏರಿ ತಲೆಯಲ್ಲಿ ನರ ಒಡೆದಿದೆ ಎಂದರು ವೈದ್ಯರು. ಮತ್ತೆ ಏಳಲಿಲ್ಲ. ಇನ್ನೊಬ್ಬ ನನ್ನ ಕೈಯಲ್ಲಿ ಹಾಗಾಗುವುದನ್ನು ನೋಡಲಾರೆ.”

ಹಲಗೆಯ ಬಡಿತ ನಿಂತಿತು. ರಾಯಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಎಲ್ಲರೂ ನೋಡಲಿ ಎಂದು ದಾಪುಗಾಲಿಟ್ಟು ಹೋಗಿ ಮೇಜಿನ ಮೇಲೆ ತೋಳು ಚಾಚಿದ. ವೈದ್ಯೆ ಪಟ್ಟಿ ಕಟ್ಟಿ ನೋಡಿದರು. ಅವನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಇನ್ನೊಂದು ತೋಳಿಗೂ ಕಟ್ಟಿದರು. ಆಮೇಲೆ ತಲೆಯಾಡಿಸಿ, ರಕ್ತದೊತ್ತಡ ತೀರಾ ಏರಿದೆ, ಇವರು ಈ ಸಲ ಕಣಕ್ಕಿಳಿಯುವಂತಿಲ್ಲ ಎಂದರು.

“ನನಗೆ ಏನೂ ಆಗಿಲ್ಲ!” ರಾಯಪ್ಪ ಗುಡುಗಿದ.

“ಇನ್ನೂ ಆಗಿಲ್ಲ. ಆಗದಂತೆ ನೋಡಿಕೊಳ್ಳೋಣ ಎನ್ನುತ್ತಿದ್ದೇನೆ,” ಎಂದರು ವೈದ್ಯೆ.

ಪಂಚರು ಗದೆ ಹಿಡಿದು ದಸ್ತಗೀರನ ಬಳಿ ಬಂದರು. ಅವನು ಮುಟ್ಟಲಿಲ್ಲ. ರಾಯಪ್ಪನೊಡನೆ ಆಡಿಯೇ ತೆಗೆದುಕೊಳ್ಳುತ್ತೇನೆ, ಬರುವ ವರ್ಷಕ್ಕೆ ಇಟ್ಟಿರಿ ಎಂದ.

ರಾಯಪ್ಪ ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮರುದಿನ ಬೆಳಿಗ್ಗೆ ಎದ್ದವನು ಹೆಂಡತಿಯನ್ನು ಕರೆದು, ವೈದ್ಯೆ ಕೊಟ್ಟು ಕಳಿಸಿದ್ದ ಗುಳಿಗೆ ಕೇಳಿದ. ಅಂದಿನಿಂದ ತಂಬಾಕು ಬಿಟ್ಟ. ಊಟದಲ್ಲಿ ಉಪ್ಪು ಇಳಿಸಿದ. ತಟ್ಟೆಯ ಮುಂದೆ ಕೆಲವು ದಿನ ರೇಗಾಡಿದ, ಆಮೇಲೆ ನಾಲಿಗೆಯೇ ಒಗ್ಗಿಕೊಂಡಿತು. ಮೊದಲು ನಡಿಗೆಯಷ್ಟೇ. ವೈದ್ಯೆ ಒಪ್ಪಿದ ಮೇಲೆ ಗರಡಿ. ಮುಂದಿನ ವರ್ಷ ಅದೇ ಮೇಜಿನ ಮುಂದೆ ತಾನಾಗಿಯೇ ಹೋಗಿ ಕುಳಿತು, ಚುಚ್ಚುಮದ್ದನ್ನೂ ಹಾಕಿಸಿಕೊಂಡ. ವೈದ್ಯೆ ನೋಡಿದರು, ನಕ್ಕರು, ಹೋಗಿ ಆಡಿ ಎಂದರು.

ಎಂಥ ಕುಸ್ತಿ ಅದು! ದಸ್ತಗೀರ ಅವನ ಸೊಂಟ ಹಿಡಿದು ಮೇಲೆತ್ತಿದ. ಸೋತ ಎಂದು ಜನ ಉಸಿರು ಬಿಗಿಹಿಡಿದಾಗ ರಾಯಪ್ಪ ಗಾಳಿಯಲ್ಲೇ ಹೊರಳಿ ಕಾಲೂರಿ ನಿಂತ. ಮುದುಕರು ರುಮಾಲು ಬಿಚ್ಚಿ ಮೇಲಕ್ಕೆ ತೂರಿದರು. ಒಬ್ಬ ಮುಂದಾದರೆ ಇನ್ನೊಬ್ಬ ಅವನನ್ನು ಮೀರಿಸುತ್ತಿದ್ದ. ಕೊನೆಗೆ ರಾಯಪ್ಪ ಕಾಲು ಕೊಟ್ಟು ತಿರುವಿದ. ದಸ್ತಗೀರನ ಎರಡೂ ಭುಜ ಮಣ್ಣು ಮುಟ್ಟಿದವು. ಬಿದ್ದಲ್ಲೇ ದಸ್ತಗೀರ ಗಟ್ಟಿಯಾಗಿ ನಗುತ್ತಿದ್ದ. ರಾಯಪ್ಪ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಗದೆಯನ್ನು ಅವನ ಕೈಗೇ ಕೊಟ್ಟು, ಕಣದ ಸುತ್ತ ಓಡಿದ. ಊರಿಗೆ ಊರೇ ಅವರ ಹಿಂದೆ ಓಡಿತು.

ಕೇಳುತ್ತ ಕೇಳುತ್ತ ಶಿಷ್ಯನೂ ಮೊಣಕಾಲ ಮೇಲೆ ಎದ್ದಿದ್ದ. ಆದರೂ ಸಂಶಯ ಹೋಗಲಿಲ್ಲ. “ಗುರುಗಳೇ, ರಾಯಪ್ಪನಲ್ಲಿ ರೋಗವಿತ್ತು, ಸಿಕ್ಕಿತು. ಏನೂ ಸಿಗದೆ ಹೋಗಿದ್ದರೆ ಅಷ್ಟೆಲ್ಲ ಮಾಡಿದ್ದು ದಂಡವಾಗುತ್ತಿರಲಿಲ್ಲವೇ?”

ಗುರುಗಳು ಹೇಳಿದರು: “ಏನೂ ಸಿಗದಿದ್ದರೆ ಕುಸ್ತಿ ಅಂದೇ ಆಗುತ್ತಿತ್ತು.”